ಹಿತ್ತಲ ಗಲ್ಲಿಯ ಚರಿತ್ರೆ

ಮೈಸೂರಿನ ಅಗ್ರಹಾರ ನಡೆದಾಡೋದಕ್ಕೆ ಚೆಂದ ಅಂತಾರೆ. ಅರಮನೆ ಹತ್ತಿರ, ಮಾರುಕಟ್ಟೆ ಹತ್ತಿರ. ಪ್ರವಾಸಿಗಳು ಜಗಲಿ, ಕಂಬ, ಹೆಂಚು ನೋಡಿಕೊಂಡು ಹೋಗ್ತಾರೆ. ಅಗ್ರಹಾರ ಅಂದರೆ ಅರಸರು ಬ್ರಾಹ್ಮಣರಿಗೆ ದಾನ ಕೊಟ್ಟ ನೆಲ. ಆ ದಾನದ ಚರಿತ್ರೆಯಲ್ಲಿ ನಾವೆಲ್ಲಿದ್ದೆವು?

ಮನೆಗಳ ಬೆನ್ನಿಗೆ ಹೋಗಿ ನೋಡಿ. ಈ ಊರಿನ ಹಳೇ ಬಡಾವಣೆಗಳಲ್ಲಿ ಹಿತ್ತಲುಗಳ ನಡುವೆ ಇಕ್ಕಟ್ಟು ಗಲ್ಲಿಗಳಿವೆ. ಕನ್ಸರ್ವೆನ್ಸಿ ಅಂತ ಅವುಗಳ ಹೆಸರು. ಒಳಚರಂಡಿ ಬರೋ ಮುಂಚೆ ಕಕ್ಕಸಿನ ಮಲ ಬಳಿಯಲು ನಮ್ಮವರು ಬರುತ್ತಿದ್ದ ದಾರಿ ಅದು. ಮುಂಬಾಗಿಲು ಅವರಿಗೆ ತೆರೀತಿರಲಿಲ್ಲ. 1898ರ ಪ್ಲೇಗಿನ ತರುವಾಯ, 1903ರಲ್ಲಿ, ನಗರ ಸುಧಾರಣೆಗೆ ಮಂಡಳಿ ಬಂತು. ಬಡಾವಣೆ ಬೆಳೆದವು, ಮಲದ ಬುಟ್ಟಿ ನಮ್ಮ ತಲೆ ಮೇಲೇ ಉಳೀತು.

1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಆ ಬುಟ್ಟಿ ಇಳಿಸಲು ಹೊರಟರು. 1973ರಲ್ಲಿ ಇದೇ ಮೈಸೂರಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದದ್ದಕ್ಕೆ ಬೀದಿಗಳು ಹೊತ್ತಿ ಉರಿದವು. ನಾವು ಮಲ ಹೊತ್ತಾಗ ಒಂದು ಬೀದಿಯೂ ಉರಿದಿರಲಿಲ್ಲ. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ.

ಅಗ್ರಹಾರದಿಂದ ನಮ್ಮ ಅಶೋಕಪುರಂಗೆ ನಡೆದೇ ಹೋಗಬಹುದು. ಪರಂಪರೆ ತೋರಿಸೋರು ಜನರನ್ನ ಆ ಗಲ್ಲಿಗೂ ಕರಕೊಂಡು ಹೋಗಲಿ. ಬುಟ್ಟಿ ಹೊತ್ತವರ ಚರಿತ್ರೆಯನ್ನೂ ಹೇಳಲಿ.