ಕರಡಿಯೂ ಕರಡಿಗೆಯೂ

“ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮದುವೆಯ ಮಾತುಕತೆಯ ನಡುವೆ ಯಾರಾದರೂ ಹಳೆಯ ಸಾಲದ ಸುದ್ದಿಯೆತ್ತಿದರೆ ನಾವು ಈ ಕರಡಿಯನ್ನು ನೆನೆಯುತ್ತೇವೆ. ಆದರೆ ಪೂಜೆಯ ಕೋಣೆಗೆ ಕರಡಿ ಏಕೆ ಬಂದೀತು? ಇದಕ್ಕೆ ಬಲ್ಲವರು ಹೇಳುವ ಸಮಾಧಾನವೊಂದುಂಟು: ಅದು ಕರಡಿಯಲ್ಲ, ಕರಡಿಗೆ. ಲಿಂಗವಂತರು ಇಷ್ಟಲಿಂಗವನ್ನಿಟ್ಟು ಕೊರಳಲ್ಲಿ ಧರಿಸುವ ಪುಟ್ಟ ಬೆಳ್ಳಿಯ ಸಂಪುಟಕ್ಕೆ ಕರಡಿಗೆ ಎಂದು ಹೆಸರು. ಪೂಜೆಗೆ ಕುಳಿತವನು ಕರಡಿಗೆಯನ್ನೇ ಬಿಟ್ಟು ಬಂದರೆ ಪೂಜೆ ನಡೆಯುವುದೆಂತು? ಆ ಮಾತು ಬಾಯಿಂದ ಬಾಯಿಗೆ ಸವೆದು, ಕೊನೆಯ ಅಕ್ಷರ ಉದುರಿ, ಅದರ ಜಾಗದಲ್ಲಿ ಕರಡಿ ನುಗ್ಗಿತಂತೆ.

ಗಾದೆಯ ವಿಚಾರ ಹಾಗಿರಲಿ. ಕರಡಿ ದ್ರಾವಿಡದ ಅಚ್ಚ ಮಾತು. ತಮಿಳರಿಗೂ ಅದು ಕರಡಿಯೇ. ಕರಡಿಗೆಯಾದರೋ ಸಂಸ್ಕೃತದ ಕರಂಡಕದಿಂದ ಆದ ತದ್ಭವ. ಶಬ್ದಗಳಿಗೆ ಇಲ್ಲದ ನೆಂಟಸ್ತನ ವಸ್ತುಗಳಿಗೆ ಉಂಟೆಂಬುದು ನನ್ನ ಎಣಿಕೆ. ಕೈಕಸುಬಿನ ಚರಿತ್ರೆಯನ್ನು ನೋಡುತ್ತ ಹೋದರೆ ಪುಟ್ಟ ಕರಡಿಯೂ ಚಿತ್ತಾರದ ಪೆಟ್ಟಿಗೆಯೂ ಮತ್ತೆ ಮತ್ತೆ ಜೊತೆಯಾಗಿ ಕಾಣಿಸುತ್ತವೆ. ಅಂಜಿಕೆ ಹುಟ್ಟಿಸುವ ಮೃಗವನ್ನು ಅಂಗೈಯಲ್ಲಿ ಕೂರಿಸಿಕೊಳ್ಳುವ ಆಸೆ ಒಂದು. ಬೆಲೆಯುಳ್ಳದ್ದನ್ನು ಮುಚ್ಚಳದೊಳಗೆ ಅಡಗಿಸುವ ಆಸೆ ಇನ್ನೊಂದು. ಅಜ್ಜಿಯ ಕಥೆಗಳಲ್ಲಿ ಏಳು ಸಮುದ್ರದಾಚೆಯ ರಾಕ್ಷಸನ ಪ್ರಾಣ ಇರುವುದು ಇಂಥ ಕರಡಿಗೆಯೊಳಗಿನ ದುಂಬಿಯಲ್ಲಿ ತಾನೆ?

ನಮ್ಮದು ಬಂಡೆಗುಡ್ಡಗಳ ಸೀಮೆ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದ ಚಿಕ್ಕಬಳ್ಳಾಪುರ, ಅದಕ್ಕೆ ಸೇರಿದ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ಊರುಗಳಲ್ಲಿ ಕನ್ನಡವೂ ತೆಲುಗೂ ಒಂದೇ ಉಸಿರಿನಲ್ಲಿ ಬರುತ್ತವೆ. ಕರಡಿಯನ್ನು ಎಲುಗುಬಂಟಿ ಎಂದರೂ ಮಕ್ಕಳು ಅಷ್ಟೇ ಬೆಚ್ಚುತ್ತಾರೆ. ನಾನು ಚಿಕ್ಕವನಿದ್ದಾಗ ಸಂತೆಯಲ್ಲಿ ಡಮರುಗದ ಸದ್ದು ಕೇಳಿತೆಂದರೆ ಶಾಲೆಯ ದಾರಿ ಮರೆತುಹೋಗುತ್ತಿತ್ತು. ಕಲಂದರ ಕುಲದವನೊಬ್ಬ ಹಗ್ಗ ಹಿಡಿದು ಬರುವನು. ಹಗ್ಗದ ಇನ್ನೊಂದು ತುದಿ ಕರಡಿಯ ಮೂಗಿನಲ್ಲಿ. ಕೋಲು ಮೇಲೆದ್ದರೆ ಕರಡಿ ಹಿಂಗಾಲ ಮೇಲೆ ನಿಂತು ಸಲಾಮು ಮಾಡುವುದು. ಆಟ ಮುಗಿದ ಮೇಲೆ ಅವನು ಕರಡಿಯ ನಾಲ್ಕು ಕೂದಲನ್ನು ತಾಯಿತದೊಳಗೆ ತುಂಬಿ ಕೊಡುವನು. ಅದನ್ನು ಕಟ್ಟಿದರೆ ಮಕ್ಕಳು ರಾತ್ರಿ ಬೆಚ್ಚುವುದಿಲ್ಲವೆಂದು ತಾಯಂದಿರ ನಂಬಿಕೆ. ತಾಯಿತವೂ ಒಂದು ಕರಡಿಗೆಯೇ ಅಲ್ಲವೆ?

ಆ ಆಟಕ್ಕೆ ನಿಜವಾದ ಬೆಲೆ ತೆತ್ತದ್ದು ನೋಡುವವರ ಬಿಲ್ಲೆಕಾಸಲ್ಲ, ಕರಡಿ. ಮರಿಯನ್ನು ಹಿಡಿಯಲು ತಾಯಿಯನ್ನು ಕೊಲ್ಲುತ್ತಿದ್ದುದುಂಟು. ಕಾದ ಸೂಜಿಯಿಂದ ಮೂಗು ಚುಚ್ಚಿ ಹಗ್ಗ ಪೋಣಿಸುತ್ತಿದ್ದರು, ಹಲ್ಲು ಕೀಳುತ್ತಿದ್ದರು. ನಮ್ಮ ನಾಡಿನ ಕರಡಿ ಮರಿಗಳನ್ನು ಬೆನ್ನಿನ ಮೇಲೆ ಹೊತ್ತುಕೊಂಡೇ ಮೇವಿಗೆ ತಿರುಗುವ ತಾಯಿ ಎಂಬುದನ್ನು ನೆನೆದಾಗ ಈ ಕ್ರೌರ್ಯ ಇನ್ನೂ ಕಹಿಯಾಗುತ್ತದೆ. ಕಲಂದರನೊಬ್ಬನನ್ನೇ ದೂರಿ ಫಲವಿಲ್ಲ. ತಲೆಮಾರುಗಳಿಂದ ಅವನ ಮನೆಯ ಒಲೆ ಉರಿದದ್ದು ಆ ಹಗ್ಗದಿಂದಲೇ, ಸುತ್ತ ನಿಂತು ಚಪ್ಪಾಳೆ ತಟ್ಟಿದವರು ನಾವೇ. ವನ್ಯಜೀವಿ ಸಂರಕ್ಷಣೆಯ ಕಾನೂನು 1972ರಲ್ಲಿ ಬಂದರೂ ಹಗ್ಗ ಕಳಚಲು ಮತ್ತೆ 37 ವರ್ಷ ಹಿಡಿಯಿತು. 2009ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿ ಬನ್ನೇರುಘಟ್ಟದ ರಕ್ಷಣಾ ಕೇಂದ್ರವನ್ನು ಸೇರಿದಾಗ, ದೇಶದ ಬೀದಿಗಳಲ್ಲಿ ಕುಣಿಯುತ್ತಿದ್ದ ಕರಡಿಗಳಲ್ಲಿ ಇದೇ ಕೊನೆಯದೆಂದು ಸಾರಲಾಯಿತು. ಹಲವು ಕಲಂದರ ಕುಟುಂಬಗಳಿಗೆ ಬೇರೆ ಕಸುಬು ಹಿಡಿಯಲು ನೆರವೂ ದೊರೆಯಿತು.

ದೊಡ್ಡ ಮೃಗವನ್ನು ಕಿರಿದು ಮಾಡಲು ಹಗ್ಗ ಒಂದು ದಾರಿ. ಸೂಜಿ, ಉಳಿ, ಬಣ್ಣಗಳದು ಇನ್ನೊಂದು ದಾರಿ. ಸೋಜಿಗವೆಂದರೆ ಈ ಎರಡನೆಯ ದಾರಿಯ ಅತ್ಯಂತ ಪ್ರಸಿದ್ಧ ಕಥೆಯೂ ಹಗ್ಗದಿಂದಲೇ ಆರಂಭವಾಗುತ್ತದೆ. 1902ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮಿಸಿಸಿಪಿಯ ಕಾಡಿಗೆ ಬೇಟೆಗೆ ಹೋಗಿದ್ದರು. ಬೇಟೆ ಸಿಕ್ಕದಿರಲು ಜೊತೆಯವರು ಕರಡಿಯೊಂದನ್ನು ಹಿಡಿದು ಮರಕ್ಕೆ ಕಟ್ಟಿ, ಗುಂಡು ಹಾರಿಸಿರೆಂದರು. ಕಟ್ಟಿಹಾಕಿದ ಪ್ರಾಣಿಯನ್ನು ಹೊಡೆಯುವುದು ಬೇಟೆಯಲ್ಲವೆಂದು ಅವರು ಒಲ್ಲೆನೆಂದರು. ಗಾಯಗೊಂಡಿದ್ದ ಆ ಜೀವದ ನರಳಾಟ ಮುಗಿಸಲು ಮಾತ್ರ ಹೇಳಿದರು. ಕ್ಲಿಫರ್ಡ್ ಬೆರಿಮನ್ ಎಂಬ ವ್ಯಂಗ್ಯಚಿತ್ರಕಾರ ಇದನ್ನು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಬರೆದ. ಅದನ್ನು ಕಂಡು ಬ್ರೂಕ್ಲಿನ್ನಿನ ಮಿಠಾಯಿ ಅಂಗಡಿಯ ಮಾರಿಸ್ ಮಿಕ್ಟಮ್ ಮತ್ತು ಅವನ ಹೆಂಡತಿ ರೋಸ್ ಬಟ್ಟೆಯ ಕರಡಿ ಹೊಲಿದು ಅಂಗಡಿಯಲ್ಲಿಟ್ಟರು. ರೂಸ್‌ವೆಲ್ಟರ ಮುದ್ದಿನ ಹೆಸರೇ ಅದಕ್ಕೂ ಆಯಿತು: ಟೆಡ್ಡಿ. ಕಾಡಿನ ಕರಡಿ ಅಲ್ಲೇ ಸತ್ತಿತು. ಬಟ್ಟೆಯ ಕರಡಿ ಮಕ್ಕಳ ಹಾಸಿಗೆ ಸೇರಿತು.

ಅದೇ ಸುಮಾರಿಗೆ ಜರ್ಮನಿಯ ಗೀಂಗೆನ್ ಎಂಬ ಊರಿನಲ್ಲಿ ಮಾರ್ಗರೆಟ್ ಸ್ಟೈಫ್ ಅವರ ಹೊಲಿಗೆಯ ಮನೆಯಲ್ಲಿಯೂ ಕರಡಿ ಹುಟ್ಟಿತು. ಬಾಲ್ಯದಲ್ಲಿ ಪೋಲಿಯೊ ತಗುಲಿ ಗಾಲಿಕುರ್ಚಿಯಲ್ಲೇ ಬದುಕಿದ ಈ ಹೆಣ್ಣುಮಗಳು 1880ರಲ್ಲಿ ಸೂಜಿ ಚುಚ್ಚಿಡಲೆಂದು ಉಣ್ಣೆಬಟ್ಟೆಯ ಪುಟ್ಟ ಆನೆಯನ್ನು ಹೊಲಿದಿದ್ದರು. ಮಕ್ಕಳು ಅದನ್ನು ಆಟಿಕೆಯೆಂದು ಎತ್ತಿಕೊಂಡರು. ಅವರ ಸೋದರನ ಮಗ ರಿಚರ್ಡ್ ಕೈಕಾಲು ತಿರುಗುವ ಕರಡಿಯ ರೂಪ ಕಲ್ಪಿಸಿದ. 1903ರ ಲೈಪ್‌ಜಿಗ್ ಜಾತ್ರೆಯಲ್ಲಿ ಅಮೆರಿಕದ ವರ್ತಕನೊಬ್ಬ 3,000 ಕರಡಿ ಕೇಳಿದ. 1907ರಲ್ಲಿ ಆ ಮನೆಯಿಂದ ಸುಮಾರು 9,74,000 ಕರಡಿಗಳು ಹೊರಟವು. ಮುಂದೆ 1920ರ ದಶಕದಲ್ಲಿ ನ್ಯೂರೆಂಬರ್ಗಿನ ಷೂಕೊ ಕಾರ್ಖಾನೆಯವರು ಬೆರಳುದ್ದದ ಕರಡಿಗಳನ್ನು ಮಾಡಿದರು. ಕೆಲವದರ ತಲೆ ಎತ್ತಿದರೆ ಒಳಗೆ ಅತ್ತರಿನ ಸೀಸೆ, ಕೆಲವದರ ಹೊಟ್ಟೆ ತೆರೆದರೆ ಪೌಡರಿನ ಡಬ್ಬಿ! ಕರಡಿಯೇ ಕರಡಿಗೆಯಾದದ್ದು ಅಲ್ಲಿ.

ರಷ್ಯದಲ್ಲಿ ಎರಡಕ್ಕೂ ಬೇರೆ ಬೇರೆ ಹಳ್ಳಿಗಳುಂಟು. ಬೊಗೊರೊಡ್ಸ್ಕೊಯೆ ಎಂಬಲ್ಲಿ ಕಮ್ಮಾರನೂ ಕರಡಿಯೂ ಎದುರುಬದುರು ಕುಳಿತು ಸುತ್ತಿಗೆ ಬಡಿಯುವ ಮರದ ಆಟಿಕೆಯನ್ನು ಕೆತ್ತುತ್ತಾರೆ. ಪಾಲೇಖ್ ಎಂಬ ಹಳ್ಳಿಯವರು ತಲೆಮಾರುಗಳಿಂದ ದೇವರ ಪಟ ಬರೆಯುತ್ತಿದ್ದವರು. 1917ರ ಕ್ರಾಂತಿಯ ತರುವಾಯ ದೇವರ ಪಟ ಕೇಳುವವರಿಲ್ಲದಾಗಲು, 1924ರಲ್ಲಿ ಸಂಘ ಕಟ್ಟಿಕೊಂಡು ಕಾಗದದ ಮುದ್ದೆಯಿಂದ ಮಾಡಿದ ಕರಿಯ ಅರಗಿನ ಪೆಟ್ಟಿಗೆಗಳ ಮೇಲೆ ಬೆಂಕಿಹಕ್ಕಿ, ರಾಜಕುಮಾರಿ, ಕಿನ್ನರಕಥೆಗಳನ್ನು ಬರೆಯತೊಡಗಿದರು. ಕೈ ಅದೇ, ಕುಂಚ ಅದೇ. ಬದುಕಲು ವಿಷಯ ಬದಲಾಯಿತು.

ನಮ್ಮಲ್ಲಿ ಇಂಥ ಕೈಗಳಿಲ್ಲವೆ? ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಹುಣಿಸೆಬೀಜದ ಅಂಟಿನಿಂದ ಬೆಸೆದು ದೇವರನ್ನೂ ಮಾಡುತ್ತಾರೆ, ಬೊಂಬೆಯನ್ನೂ ಮಾಡುತ್ತಾರೆ. ಸಾಗರ, ಸೊರಬದ ಗುಡಿಗಾರರ ಗಂಧದ ಪೆಟ್ಟಿಗೆಗಳ ಮೇಲೆ ಬಳ್ಳಿಯ ನಡುವೆ ಕಾಡೇ ಅರಳಿರುತ್ತದೆ. ಚನ್ನಪಟ್ಟಣದ ಮಾತಂತೂ ಹೇಳಬೇಕಾದ್ದೇ ಇಲ್ಲ. ಟಿಪ್ಪು ಸುಲ್ತಾನ ಪರ್ಷಿಯದಿಂದ ಕುಶಲಿಗರನ್ನು ಕರೆಸಿದನೆಂಬುದು ಪ್ರತೀತಿ. ಈ ಕಸುಬಿಗೆ ಹೊಸ ರೂಪ ಕೊಟ್ಟವರೆಂದು ಬವಾಸ್ ಮಿಯಾನರನ್ನು ಅಲ್ಲಿಯವರು ನೆನೆಯುತ್ತಾರೆ. ಒಣಗಿಸಿದ ಆಲೆಮರದ ತುಂಡು ಯಂತ್ರದಲ್ಲಿ ಗಿರ್ರನೆ ತಿರುಗುವಾಗ ಉಳಿ ಹಿಡಿದು ಕಡೆಯುತ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ತಿಕ್ಕಿದರೆ ಹೊಳಪು. ತಿರುಗುವ ಯಂತ್ರ ಕೊಡುವುದು ದುಂಡಗಿನ ಆಕಾರವನ್ನೇ. ಒಂದು ದುಂಡನ್ನು ಟೊಳ್ಳು ಮಾಡಿ ಮುಚ್ಚಳವಿಟ್ಟರೆ ಕುಂಕುಮದ ಭರಣಿ; ಎರಡು ದುಂಡು ಕೂಡಿಸಿ ಎರಡು ಕಿವಿ ಹಚ್ಚಿದರೆ ಕರಡಿ. ಒಂದೇ ಮರ, ಒಂದೇ ಅರಗು, ಒಂದೇ ಕೈ.

ನಮ್ಮ ಶಿಡ್ಲಘಟ್ಟದಲ್ಲಿ ಕರಡಿಗೆ ಮಾಡುವ ಕುಶಲಿಗ ಬೇರೆಯೇ ಇದ್ದಾನೆ: ರೇಷ್ಮೆಹುಳು. ತನ್ನ ಸುತ್ತ ತಾನೇ ನೂಲು ಸುತ್ತಿ ಅದು ಕಟ್ಟುವ ಗೂಡಿನಂಥ ಸಂಪುಟವನ್ನು ಯಾವ ಅಕ್ಕಸಾಲಿಯೂ ಮಾಡಲಾರ. ನೂಲು ಬಿಚ್ಚಬೇಕಾದರೆ ಗೂಡು ಇಡಿಯಾಗಿರಬೇಕು. ಆದ್ದರಿಂದ ಒಳಗಿನ ಜೀವವನ್ನು ಕೊಲ್ಲಲೇಬೇಕು. ಬಿತ್ತನೆಗೆಂದು ಬಿಟ್ಟ ಗೂಡಿನಿಂದ ಮಾತ್ರ ಚಿಟ್ಟೆ ತೂತು ಕೊರೆದು ಹೊರಬರುತ್ತದೆ. ಕಥೆಯ ಪೆಟ್ಟಿಗೆಯಿಂದ ಕಿನ್ನರಿ ಹೊರಬಂದಂತೆ! ಆ ತೂತುಗೂಡು ನೂಲು ತೆಗೆಯುವವರಿಗೆ ಬೇಡ. ಅದನ್ನೇ ಕತ್ತರಿಸಿ, ಬಣ್ಣ ಹಾಕಿ, ಹಾರ, ಹೂವು, ಪುಟ್ಟ ಬೊಂಬೆಗಳನ್ನು ಮಾಡುವ ಕಸುಬು ನಮ್ಮ ರಾಜ್ಯದಲ್ಲಿ ಬೆಳೆದಿದೆ. ಎರಡು ಗೂಡು ಕೂಡಿಸಿದರೆ ಕರಡಿಯ ತಲೆ, ಹೊಟ್ಟೆ ಸಿದ್ಧ. ಜೀವ ಉಳಿದು ಹೊರಗೆ ಹೋದ ಗೂಡೇ ಬೊಂಬೆಯಾಗುವುದೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಇನ್ನು ಬೆಲೆಯ ಮಾತು. ಗಣೇಶನ ಹಬ್ಬದಂದು ಶಮಂತಕೋಪಾಖ್ಯಾನವನ್ನು ಓದುವ ಮನೆಗಳು ನಮ್ಮಲ್ಲಿ ಅನೇಕ. ದಿನಕ್ಕೆ ಎಂಟು ಭಾರ ಚಿನ್ನ ಕೊಡುತ್ತಿದ್ದ ಆ ಮಣಿಯನ್ನು ಸತ್ರಾಜಿತ ಬಚ್ಚಿಟ್ಟ, ಪ್ರಸೇನ ಕೊರಳಿಗೆ ಕಟ್ಟಿ ಪ್ರಾಣ ಕಳೆದುಕೊಂಡ. ಅದು ಕರಡಿಗಳ ರಾಜ ಜಾಂಬವಂತನ ಕೈಗೆ ಸಿಕ್ಕಾಗ ಅವನು ಮಾಡಿದ್ದೇನು? ಗುಹೆಗೆ ತಂದು ಮಗುವಿಗೆ ಆಟಿಕೆಯಾಗಿ ಕೊಟ್ಟ. ಅದಕ್ಕಾಗಿ ಶ್ರೀಕೃಷ್ಣನೊಡನೆ 28 ದಿನ ಕಾದಾಡಿದನೆಂದು ಭಾಗವತ ಹೇಳುತ್ತದೆ. ಮಗುವಿನ ಆಟಿಕೆಗಿಂತ ಮಣಿಗೆ ದೊಡ್ಡ ಉಪಯೋಗವಿಲ್ಲವೆಂದು ತಿಳಿದವನು ಆ ಕಥೆಯಲ್ಲಿ ಅವನೊಬ್ಬನೇ.

ನಾವಾದರೋ ನವರಾತ್ರಿಯ ಸಂತೆಯಲ್ಲಿ ಅಂಗೈಯಗಲದ ಬೊಂಬೆಯನ್ನು ಹಿಡಿದು ಐದು ರೂಪಾಯಿಗೆ ಚೌಕಾಶಿ ಮಾಡುತ್ತೇವೆ. ಅಚ್ಚಿನಲ್ಲಿ ಎರಕಹೊಯ್ದ ಪ್ಲಾಸ್ಟಿಕ್ ಕರಡಿ ಅದಕ್ಕಿಂತ ಅಗ್ಗವೆಂದು ಬುದ್ಧಿ ಹೇಳುತ್ತೇವೆ. ಹಗ್ಗದ ಕರಡಿ ಹೋದದ್ದು ಒಳ್ಳೆಯದಾಯಿತು. ಮರದ ಕರಡಿಯೂ ಅದರ ಜೊತೆಗಾತಿ ಭರಣಿಯೂ ಹೋದರೆ ಮಾತ್ರ ಒಳ್ಳೆಯದಾಯಿತೆಂದು ಯಾರೂ ಹೇಳಲಾರರು. ಬೊಂಬೆ ಕಡೆಯುವವನ ಮಗ ಉಳಿ ಬಿಟ್ಟು ಬೇರೆ ಕೆಲಸ ಹಿಡಿದ ಮೇಲೆ, ಆ ಕೈಯನ್ನು ಕಾದಿಡುವ ಕರಡಿಗೆಯನ್ನು ಯಾವ ಅಕ್ಕಸಾಲಿಯೂ ಮಾಡಿಕೊಡಲಾರ. ಈ ಸಲದ ಹಬ್ಬಕ್ಕೆ ಬೊಂಬೆ ಕೊಳ್ಳಹೊರಡುವ ವಾಚಕರು, ಆ ಐದು ರೂಪಾಯಿಯನ್ನು ಕೇಳದೆ ಬಿಟ್ಟರೆ ಸಾಕು.