ನೀವಾರದ ಋಣ

ಕಾಳಿದಾಸನ ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನು ತಪೋವನದ ಗುರುತು ಹಿಡಿಯುವಾಗ, ಗಿಳಿಗಳ ಪೊಟರೆಯಿಂದ ಮರದಡಿ ಉದುರಿದ ನೀವಾರದ ಕಾಳುಗಳೂ ಅವನ ಕಣ್ಣಿಗೆ ಬೀಳುತ್ತವೆ. ನೀವಾರವೆಂದರೆ ಬಿತ್ತದೆ ಬೆಳೆಯುವ ಕಾಡುಬತ್ತ, ಮುನಿಗಳ ಆಹಾರ. ರೈತನಿಗಾದರೋ ಅದು ಬರಿಯ ಕಳೆ. ಕೆರೆಯಂಚು, ಹಳ್ಳ, ರಸ್ತೆಬದಿಯ ನೀರುಗುಂಡಿಗಳೇ ಅದರ ನೆಲೆ. ಕಾಳಿಗೆ ಉದ್ದನೆಯ ಮುಳ್ಳುಮೀಸೆ. ಕೊಯ್ಯಲು ಹೋಗುವಷ್ಟರಲ್ಲಿ ಅರ್ಧ ತೆನೆ ನೆಲದ ಪಾಲು. 1965ರಲ್ಲಿ ಶರ್ಮಾ ಮತ್ತು ಶಾಸ್ತ್ರಿ ಎಂಬ ಭಾರತೀಯ ವಿಜ್ಞಾನಿಗಳು ಇದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟಾಗ ‘ಒರೈಜಾ ನಿವಾರ’ ಎಂದು ಹಳೆಯ ಹೆಸರನ್ನೇ ಉಳಿಸಿದರು. ಸಸ್ಯಗಳಿಗೆ ಹೆಸರಿಡುವವರೆಲ್ಲರಿಗೂ ಇಷ್ಟು ರಸಿಕತೆಯಿದ್ದರೆ ಚೆನ್ನಾಗಿತ್ತು!

ಅದೇ ದಶಕದಲ್ಲಿ ಫಿಲಿಪೈನ್ಸಿನ ಗದ್ದೆಗಳಲ್ಲಿ ಒಂದು ವೈರಸ್ ರೋಗ ಕಾಣಿಸಿಕೊಂಡಿತು. ಕಂದು ಜಿಗಿಹುಳು ಇದನ್ನು ಪೈರಿನಿಂದ ಪೈರಿಗೆ ಒಯ್ಯುತ್ತದೆ. ರೋಗ ತಗುಲಿದ ಪೈರು ಕುಳ್ಳಾಗಿ, ಲೆಕ್ಕವಿಲ್ಲದಷ್ಟು ತೆಂಡೆಯೊಡೆದು ಹುಲ್ಲಿನ ಜೊಂಪೆಯಾಗುತ್ತದೆ. ತೆನೆ ಬಂದರೂ ಜೊಳ್ಳು. ಆಗ ಹರಡುತ್ತಿದ್ದ ಹೊಸ ತಳಿಗಳಲ್ಲಿ ಇದನ್ನು ತಡೆಯುವ ಶಕ್ತಿಯಿರಲಿಲ್ಲ. ಲಾಸ್ ಬಾನ್ಯೋಸ್‌ನಲ್ಲಿ 1960ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಬತ್ತ ಸಂಶೋಧನ ಸಂಸ್ಥೆಯವರು ತಮ್ಮ ಸಂಗ್ರಹದ ಬೀಜಗಳನ್ನು ಮೊಳೆಯಿಸಿ, ಸಸಿಗಳ ಮೇಲೆ ರೋಗವಾಹಕ ಹುಳುಗಳನ್ನು ಬಿಟ್ಟು ಪರೀಕ್ಷಿಸಿದರು. ಆರು ಸಾವಿರಕ್ಕೂ ಮೀರಿದ ಮಾದರಿಗಳಲ್ಲಿ ಗೆದ್ದದ್ದು ಒಂದೇ: ಉತ್ತರ ಪ್ರದೇಶದಿಂದ ಹೋಗಿದ್ದ ನೀವಾರ. ಆ ಒಂದು ಹಿಡಿ ಬೀಜದಲ್ಲಿಯೂ ಗುಣವಿದ್ದದ್ದು ಕೆಲವೇ ಸಸಿಗಳಲ್ಲಿ. ಹೊರನೋಟಕ್ಕೆ ಎಲ್ಲವೂ ಒಂದೇ ಹುಲ್ಲು. ಸಂಗ್ರಹಕಾರನು ನಾಲ್ಕು ಕಾಳು ಸಾಕೆಂದು ಚೀಲ ಕಟ್ಟಿದ್ದರೆ?

ಪಂಜಾಬಿನಲ್ಲಿ ಹುಟ್ಟಿ ಬೆಳೆದ ಗುರುದೇವ್ ಖುಷ್ ಅವರೂ ಸಂಗಡಿಗರೂ ಈ ನೀವಾರವನ್ನು ಸಾಗುವಳಿಯ ಬತ್ತದೊಡನೆ ಸಂಕರಿಸಿದರು. ರೋಗನಿರೋಧಕ್ಕೆ ಕಾರಣ ಒಂದೇ ಪ್ರಬಲ ವಂಶವಾಹಿ ಎಂದು ತಿಳಿದುಬಂದುದರಿಂದ ಕೆಲಸ ಸುಲಭವಾಯಿತು; ಮತ್ತೆ ಮತ್ತೆ ನಾಡಬತ್ತಕ್ಕೇ ಕೂಡಿಸಿ ಕಾಡಿನ ಅವಗುಣಗಳನ್ನು ಕಳೆದರು. 1976ರಲ್ಲಿ ಬಂದ ಐಆರ್ 36 ತಳಿ 1980ರ ದಶಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಹೆಕ್ಟೇರುಗಳಿಗೆ ಹಬ್ಬಿತು.

ಇಂದು ವಂಶವಾಹಿಗಳ ವೈವಿಧ್ಯವನ್ನು ಡಿಎನ್ಎ ಪರೀಕ್ಷೆಯಿಂದ ಅಳೆಯುತ್ತಾರೆ. ನೀವಾರದಲ್ಲಿ ಹೆಚ್ಚಾಗಿ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಆದ್ದರಿಂದ ಒಂದು ಗುಂಡಿಯ ಗಿಡಗಳಿಗೂ ಇನ್ನೊಂದರ ಗಿಡಗಳಿಗೂ ಅಂತರ ಬೆಳೆಯುತ್ತದೆ. ಮನೆ ಕಟ್ಟಲು, ರಸ್ತೆ ಅಗಲಿಸಲು ಒಂದು ಗುಂಡಿ ಮುಚ್ಚಿದರೆ ಅಲ್ಲಿದ್ದುದು ಪಕ್ಕದ ಗುಂಡಿಯಲ್ಲಿ ಸಿಕ್ಕೀತೆಂಬ ಭರವಸೆಯಿಲ್ಲ. ಇತ್ತ ರೋಗವೂ ಸುಮ್ಮನೆ ಕುಳಿತಿಲ್ಲ. 1980ರ ದಶಕದ ಆರಂಭದಲ್ಲಿಯೇ ಫಿಲಿಪೈನ್ಸಿನಲ್ಲಿ ವೈರಸ್ಸಿನ ಹೊಸ ಬಗೆಯೊಂದು ಕಾಣಿಸಿಕೊಂಡು, ನೀವಾರದ ವಂಶವಾಹಿಯಿದ್ದ ತಳಿಗಳಿಗೂ ತಗುಲಿತು.