ಹೆಸರಿಗೆ ಲೈಸೆನ್ಸ್, ಒಳಗೆ ಬಾಡಿಗೆ

ಮರಿಯಮ್ಮನಹಳ್ಳಿಯಲ್ಲಾಗಲಿ ಹೊಸಪೇಟೆಯಲ್ಲಾಗಲಿ ಮಳಿಗೆ ಹಿಡಿಯುವವರು ಅಡ್ವಾನ್ಸ್ ಕೊಟ್ಟು 11 ತಿಂಗಳ ಕರಾರಿಗೆ ಸಹಿ ಹಾಕುವುದೇ ವಾಡಿಕೆ. ಈ ಲೆಕ್ಕ 1908ರ ನೋಂದಣಿ ಕಾಯ್ದೆಯಿಂದ ಹುಟ್ಟಿದ್ದು: ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು.

ಪತ್ರದ ತಲೆಗೆ ‘ಲೀವ್ ಅಂಡ್ ಲೈಸೆನ್ಸ್’ ಎಂದು ಬರೆಸುವುದು ಮತ್ತೊಂದು ಜಾಣತನ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಂ ಪ್ರಕಾರ ಗುತ್ತಿಗೆದಾರನಿಗೆ ಜಾಗದಲ್ಲೇ ಹಕ್ಕುಂಟು. ಅದೇ ವರ್ಷದ ಈಸ್‌ಮೆಂಟ್ ಕಾಯ್ದೆಯ 52ನೇ ಕಲಂನ ಲೈಸೆನ್ಸ್‌ದಾರನಿಗೆ ಬರೀ ಅನುಮತಿ. ಬಾಡಿಗೆ ಕಾನೂನಿನ ರಕ್ಷಣೆ ಇಂಥವನಿಗಿಲ್ಲ. ಮಾಲೀಕರಿಗೆ ಲೈಸೆನ್ಸಿನ ಮೇಲೆ ಪ್ರೀತಿ ಸುಮ್ಮನೆ ಹುಟ್ಟಿದ್ದಲ್ಲ.

1959ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ದಿಲ್ಲಿಯ ಇಂಪೀರಿಯಲ್ ಹೋಟೆಲಿನ ಕೋಣೆಗಳ ವಿವಾದ ಬಂತು. ಅಲ್ಲಿ ಕೇಶಾಲಂಕಾರದ ವ್ಯಾಪಾರ ನಡೆಸುತ್ತಿದ್ದವರ ಪತ್ರ ಲೈಸೆನ್ಸ್ ಎಂದೇ ಹೇಳುತ್ತಿತ್ತು. ನ್ಯಾಯಮೂರ್ತಿ ಸುಬ್ಬರಾವ್ ಹೆಸರು ಬದಿಗಿಟ್ಟು ತಿರುಳು ನೋಡಿದರು: ಕೋಣೆಗಳ ಪೂರ್ಣ ಸ್ವಾಧೀನ ಅವರದೇ, ಹಾಗಾಗಿ ಅದು ಗುತ್ತಿಗೆ. ಆದರೂ ಗೆದ್ದದ್ದು ಹೋಟೆಲೇ! ಹೋಟೆಲಿನೊಳಗಿನ ಕೋಣೆಗೆ ಅಂದಿನ ಬಾಡಿಗೆ ಕಾಯ್ದೆ ಅನ್ವಯಿಸದು ಎಂದಿತು ಬಹುಮತ.

ಹಂಪಿಯ ಕಥೆ ಬೇರೆ. ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ಕಂಬಗಳ ನಡುವೆ ಗೋಡೆ ಎಬ್ಬಿಸಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರ ಜುಲೈ ಕೊನೆಯಲ್ಲಿ ತೆರವುಗೊಳಿಸಲಾಯಿತು. ಅಲ್ಲಿ ಎದ್ದದ್ದು ಬಾಡಿಗೆಯ ಪ್ರಶ್ನೆಯಲ್ಲ, ಸ್ಮಾರಕದ್ದು. ಪುನರ್ವಸತಿಗೆ ಗುರುತಿಸಿದ ಜಾಗ ಕಡ್ಡಿರಾಂಪುರ.